17ನೇ ಪೋರ್ಟ್ ಮಾತ್ರ ಯಾಕೆ ನಿಧಾನ?

ಪ್ರಶ್ನೆ: ಸರ್, ನಾನು ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮದು 24 ಪೋರ್ಟಿನ ಹಳೇ ಸಿಸ್ಕೊ ಸ್ವಿಚ್ (ಲ್ಯಾಬಿನ ಕಂಪ್ಯೂಟರ್‌ಗಳನ್ನೆಲ್ಲ ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ). 17ನೇ ಪೋರ್ಟಿನ ಕಂಪ್ಯೂಟರ್ ಮಾತ್ರ ಆಮೆ ನಡಿಗೆ. ದೀಪ ಹಸಿರಾಗಿಯೇ ಇದೆ, ಪಿಂಗ್ (ಸಂಪರ್ಕ ಇದೆಯಾ ಅಂತ ಕಳಿಸುವ ಚಿಕ್ಕ ಸಂದೇಶ) ಕೂಡ ಬರುತ್ತದೆ. ಕನ್ಸೋಲ್‌ನಲ್ಲಿ (ಸ್ವಿಚ್‌ಗೆ ನೇರ ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಿಂದ ಒಳಹೋಗುವ ದಾರಿ) ನೋಡೋಣ ಅಂದರೆ ಪರದೆ ತುಂಬ ಗಜಿಬಿಜಿ ಅಕ್ಷರ. ಸ್ವಿಚ್ ಹೋಗಿದೆಯಾ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಹೋಗಿಲ್ಲ. ಗಜಿಬಿಜಿ ಬರುತ್ತಿದೆ ಅಂದರೆ ಸ್ವಿಚ್ ಮಾತಾಡುತ್ತಿದೆ. ನಿಮ್ಮ ಲ್ಯಾಪ್‌ಟಾಪ್ ಬೇರೆ ವೇಗದಲ್ಲಿ ಕೇಳಿಸಿಕೊಳ್ಳುತ್ತಿದೆ, ಅಷ್ಟೇ. ಪುಟ್ಟಿ ಸಾಫ್ಟ್‌ವೇರ್‌ನಲ್ಲಿ ಸೀರಿಯಲ್ ಆರಿಸಿ, ವೇಗ 9600 ಹಾಕಿ. ಡೇಟಾ ಬಿಟ್ 8, ಸ್ಟಾಪ್ ಬಿಟ್ 1, ಪ್ಯಾರಿಟಿ ಬೇಡ, ಫ್ಲೋ ಕಂಟ್ರೋಲ್ ಬೇಡ. ಆಗಲೂ ಹಾಗೇ ಇದ್ದರೆ ನಿಮಗಿಂತ ಮುಂಚೆ ಇದ್ದವರು ವೇಗ ಬದಲಿಸಿರಬಹುದು. 115200 ಹಾಕಿ ನೋಡಿ.

ಒಳಗೆ ಹೋದ ಮೇಲೆ 'ಶೋ ಇಂಟರ್ಫೇಸಸ್ ಸ್ಟೇಟಸ್' ಆದೇಶ ಕೊಡಿ. 17ರ ಸಾಲಿನಲ್ಲಿ ಡ್ಯುಪ್ಲೆಕ್ಸ್ ಕಾಲಂ ನೋಡಿ. ಕಳಿಸುವುದು, ಕೇಳುವುದು ಎರಡೂ ಒಟ್ಟಿಗೇ ನಡೆದರೆ ಫುಲ್, ಸರದಿಯಲ್ಲಿ ನಡೆದರೆ ಹಾಫ್. ಅಲ್ಲಿ 'ಎ-ಹಾಫ್' (ಆಟೋದಲ್ಲಿ ಹಾಫ್‌ಗೆ ಬಂದದ್ದು) ಅಂತ ಇದ್ದರೆ ಕಳ್ಳ ಸಿಕ್ಕಿದ ಹಾಗೇ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇದೇ ಕಾಯಿಲೆಗೆ ನಾನು ಎರಡು ದಿನ ಕಳೆದಿದ್ದೆ. ಯಾರೋ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡನ್ನು 100 ಎಂಬಿಪಿಎಸ್ ವೇಗ, ಫುಲ್ ಡ್ಯುಪ್ಲೆಕ್ಸ್‌ಗೆ ಕಟ್ಟಿಹಾಕಿದ್ದರು. ಸ್ವಿಚ್ ಆಟೋದಲ್ಲಿತ್ತು, ಅಂದರೆ ಆಚೆಯ ಕಾರ್ಡಿನ ಜೊತೆ ಮಾತಾಡಿ ವೇಗ, ಡ್ಯುಪ್ಲೆಕ್ಸ್ ಗೊತ್ತುಮಾಡಿಕೊಳ್ಳುವ ಸ್ಥಿತಿ. ಆಚೆಯಿಂದ ಉತ್ತರ ಬಾರದಿದ್ದಾಗ ಸ್ವಿಚ್ ವೇಗವನ್ನು ಹೇಗೋ ಕಂಡುಕೊಳ್ಳುತ್ತದೆ, ಡ್ಯುಪ್ಲೆಕ್ಸ್ ಗೊತ್ತಾಗದೆ ಹಾಫ್‌ಗೆ ಇಳಿಯುತ್ತದೆ. ಒಬ್ಬ ಎಡೆಬಿಡದೆ ಮಾತಾಡುತ್ತಾನೆ, ಇನ್ನೊಬ್ಬ ಸರದಿಗೆ ಕಾಯುತ್ತಾನೆ. ಪಿಂಗ್ ಚಿಕ್ಕದು, ನುಸುಳಿಕೊಂಡು ಬರುತ್ತದೆ. ದೊಡ್ಡ ಫೈಲ್ ಕಳಿಸಿದಾಗಲೇ ಒದ್ದಾಟ ಶುರು. ನಾನು ಪಿಂಗ್ ನಂಬಿ ಎರಡು ಕೇಬಲ್ ಸುಮ್ನೆ ಬದಲಿಸಿದ್ದೆ!

ಅದಕ್ಕೇ ಈಗ ಸ್ವಿಚ್ ಇಡುವ ತಪ್ಪುಗಳ ಲೆಕ್ಕ ನೋಡುವುದು ಜಾಸ್ತಿ. 'ಕ್ಲಿಯರ್ ಕೌಂಟರ್ಸ್' ಕೊಟ್ಟು ಹಳೇ ಎಣಿಕೆ ಅಳಿಸಿ. ಆ ಕಂಪ್ಯೂಟರಿಗೆ ಒಂದು ದೊಡ್ಡ ಫೈಲ್ ಕಾಪಿ ಮಾಡಿ. ಹತ್ತು ನಿಮಿಷ ಬಿಟ್ಟು ಆ ಪೋರ್ಟಿಗೆ 'ಶೋ ಇಂಟರ್ಫೇಸ್' ಕೊಡಿ. ಲೇಟ್ ಕೊಲಿಷನ್ (ಕಳಿಸಲು ಶುರುಮಾಡಿ ತಡವಾದ ಮೇಲೆ ಆಗುವ ಡಿಕ್ಕಿ) ಏರುತ್ತಿದ್ದರೆ ಕಾರ್ಡನ್ನು ಆಟೋಗೆ ತನ್ನಿ. ಡ್ಯುಪ್ಲೆಕ್ಸ್ ಎರಡೂ ಕಡೆ ಫುಲ್ ಇದ್ದು ಸಿಆರ್‌ಸಿ (ಕೆಟ್ಟು ಬಂದ ಡೇಟಾದ ಎಣಿಕೆ) ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ಕ್ರಿಂಪಿಂಗ್ (ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸಿದ್ದು) ನೋಡಿ. ಹಳೇ ಎಣಿಕೆ ಅಳಿಸದೆ ನೋಡಿದರೆ ಆ ಅಂಕಿ ಹೋದ ವರ್ಷದ್ದೋ ಇವತ್ತಿನದೋ ಗೊತ್ತಾಗುವುದಿಲ್ಲ, ಅಲ್ವಾ?

ಪೋರ್ಟ್ ಮುಚ್ಚಿ ತೆಗೆಯಬೇಕಾದರೆ 'ಶಟ್‌ಡೌನ್', 'ನೋ ಶಟ್‌ಡೌನ್'. ಕನ್ಸೋಲ್‌ನಲ್ಲಿ ಕೂತು ಮಾಡಿ. ನಾನೊಮ್ಮೆ ಜಯನಗರದ ಮನೆಯಿಂದ ಟೆಲ್ನೆಟ್‌ನಲ್ಲಿ (ನೆಟ್‌ವರ್ಕ್ ಮೂಲಕ ದೂರದಿಂದ ಒಳಹೋಗುವ ದಾರಿ) ಹೋಗಿ, ನಾನೇ ಒಳಬಂದ ಪೋರ್ಟನ್ನು ಮುಚ್ಚಿಬಿಟ್ಟೆ. ರಾತ್ರಿ ಸ್ಕೂಟರ್ ಹತ್ತಿ ಪೀಣ್ಯಕ್ಕೆ ಹೋಗಬೇಕಾಯಿತು. ಕನ್ಸೋಲ್‌ಗೆ ನೆಟ್‌ವರ್ಕಿನ ಹಂಗಿಲ್ಲ, ಎಲ್ಲಾ ಪೋರ್ಟ್ ಮುಚ್ಚಿದರೂ ಅದು ಉಳಿಯುತ್ತದೆ.

ಸರಿಹೋದ ಮೇಲೆ ಪೋರ್ಟಿಗೆ 'ಡಿಸ್ಕ್ರಿಪ್ಷನ್' ಕೊಟ್ಟು ಯಾವ ಮೇಜಿನ ಕಂಪ್ಯೂಟರ್ ಅಂತ ಬರೆದಿಡಿ. ಕೊನೆಗೆ 'ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್' ಮರೆಯಬೇಡಿ. ಇಲ್ಲದಿದ್ದರೆ ಒಮ್ಮೆ ಕರೆಂಟ್ ಹೋಗಿ ಬಂದರೆ ಸ್ವಿಚ್‌ನಲ್ಲಿ ಹೊಸದಾಗಿ ಬರೆದದ್ದೆಲ್ಲ ಮಾಯ.