ಸಂಪಾದಕರ ಉತ್ತರ: ‘ಆ ಇಂಜೆಕ್ಷನ್ನಿಂದಲೇ ಕ್ಯಾನ್ಸರ್ ಬರುತ್ತಾ?’

ದಾವಣಗೆರೆಯಿಂದ ಬರೆದ, ಹೆಸರು ಹಾಕಬೇಡಿ ಎಂದು ಕೋರಿದ ಸಹೋದರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮದುವೆಯಾಗಿ ಹನ್ನೊಂದು ವರ್ಷ. ಎರಡು ಸಲ ಐವಿಎಫ್ (ಅಂಡಾಣುವನ್ನೂ ವೀರ್ಯಾಣುವನ್ನೂ ದೇಹದ ಹೊರಗೆ ಸೇರಿಸಿ ಗರ್ಭ ನಿಲ್ಲಿಸುವ ಚಿಕಿತ್ಸೆ) ಕೈಗೂಡಲಿಲ್ಲ, ಮೂರನೆಯದಕ್ಕೆ ಡಾಕ್ಟರು ದಿನ ಕೊಟ್ಟಿದ್ದಾರೆ. ಅಷ್ಟರಲ್ಲಿ ನೆಂಟರೊಬ್ಬರು, ‘ಆ ಇಂಜೆಕ್ಷನ್ನಿಂದಲೇ ಎದೆಗೆ ಕ್ಯಾನ್ಸರ್ ಬರುತ್ತೆ, ನಿಮ್ಮ ದೊಡ್ಡಮ್ಮನಿಗೂ ಬಂದಿತ್ತಲ್ಲ’ ಎಂದರಂತೆ. ‘ಎರಡು ಸಲ ಮಾಡಿಸಿಕೊಂಡು ತಪ್ಪು ಮಾಡಿದೆನಾ?’ ಎಂದು ಕೇಳಿದ್ದೀರಿ.

ಇಲ್ಲ, ತಂಗಿ. ನೀವು ತಪ್ಪು ಮಾಡಿಲ್ಲ.

ಅನುಮಾನಕ್ಕೆ ಕಾರಣ ಇದ್ದದ್ದು ನಿಜ. ಒಮ್ಮೆಗೇ ಹಲವು ಅಂಡಾಣು ಬೆಳೆಯಲೆಂದು ಕೊಡುವ ಈ ಇಂಜೆಕ್ಷನ್ ನಡೆಯುವ ಕೆಲವು ದಿನ ರಕ್ತದಲ್ಲಿ ಈಸ್ಟ್ರೊಜೆನ್ ಹಲವು ಪಟ್ಟು ಏರುತ್ತದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಅದೇ ಹಾರ್ಮೋನಿನಿಂದ ಬೆಳೆಯುವಂಥವು. ವೈದ್ಯರಿಗೂ ಈ ಅಳುಕಿತ್ತು. ಆದರೆ ಐವಿಎಫ್ ಮಾಡಿಸಿಕೊಂಡವರನ್ನು ಯಾರ ಜೊತೆ ಹೋಲಿಸಬೇಕು? ಇಪ್ಪತ್ತೆರಡಕ್ಕೇ ಹೆತ್ತವರ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಚಿಕ್ಕ ವಯಸ್ಸಿನ ಹೆರಿಗೆ ಈ ಕಾಯಿಲೆಯಿಂದ ಒಂದಿಷ್ಟು ರಕ್ಷಣೆ ಕೊಡುತ್ತದೆ; ಹೆರದೇ ಇರುವುದು, ತಡವಾಗಿ ಹೆರುವುದು ಅಪಾಯವನ್ನು ತುಸು ಹೆಚ್ಚಿಸುತ್ತದೆ, ಇಂಜೆಕ್ಷನ್ ತಗೊಂಡರೂ ತಗೊಳ್ಳದಿದ್ದರೂ.

ನೆದರ್‌ಲೆಂಡ್ಸ್‌ನವರು ಇದನ್ನು ಸರಿಯಾಗಿ ಗಮನಿಸಿದರು. 1980ರಿಂದ 1995ರ ನಡುವೆ ಬಂಜೆತನಕ್ಕೆ ಚಿಕಿತ್ಸೆ ಪಡೆದ 25,108 ಮಹಿಳೆಯರಲ್ಲಿ ಐವಿಎಫ್ ಆದವರನ್ನು ಬೇರೆ ಚಿಕಿತ್ಸೆ ಪಡೆದವರ ಜೊತೆಗೇ ಹೋಲಿಸಿದರು, ಸುಮಾರು 21 ವರ್ಷ. 2016ರಲ್ಲಿ ಫಲಿತಾಂಶ ಬಂತು: 55 ತುಂಬುವ ಹೊತ್ತಿಗೆ ಸ್ತನ ಕ್ಯಾನ್ಸರ್ ಬಂದದ್ದು ಐವಿಎಫ್ ಆದವರಲ್ಲಿ ಶೇ 3.0, ಆಗದವರಲ್ಲಿ ಶೇ 2.9. ಏಳು ಸಲ, ಅದಕ್ಕೂ ಹೆಚ್ಚು ಸಲ ಮಾಡಿಸಿಕೊಂಡವರಲ್ಲೂ ಅಪಾಯ ಏರಿರಲಿಲ್ಲ. ಬ್ರಿಟನ್ನಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆ ನೋಡಿದಾಗಲೂ ಹರಡುವ ಬಗೆಯ ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ; ಹಾಲಿನ ನಾಳದೊಳಗೇ ಉಳಿಯುವ ತೀರಾ ಆರಂಭದ ಬಗೆ ಮಾತ್ರ ಅಲ್ಪ ಹೆಚ್ಚು ಕಂಡಿತು. ನೆದರ್‌ಲೆಂಡ್ಸ್‌ನ ಆ ಮಹಿಳೆಯರು ಆಗಿನ್ನೂ ಐವತ್ತರ ಆಸುಪಾಸಿನವರು, ಅರವತ್ತು ಎಪ್ಪತ್ತರ ಲೆಕ್ಕ ಇನ್ನಷ್ಟು ಬರಬೇಕು. ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ನನಗೆ ಯೋಚನೆಯಾಗಿದ್ದು ಇಂಜೆಕ್ಷನ್ನಿನದಲ್ಲ, ದೊಡ್ಡಮ್ಮನ ವಿಷಯ. ಅವರಿಗೆ ಯಾವ ವಯಸ್ಸಿನಲ್ಲಿ ಬಂತು, ಮನೆತನದಲ್ಲಿ ಇನ್ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂದು ಅಮ್ಮನನ್ನು ಕೇಳಿ ಬರೆದುಕೊಳ್ಳಿ. ಐವತ್ತರೊಳಗೇ ಬಂದಿದ್ದರೆ ಅಥವಾ ಇನ್ನೊಬ್ಬರಿಗೂ ಬಂದಿದ್ದರೆ, ಬಿಆರ್‌ಸಿಎ ಎಂಬ ವಂಶವಾಹಿಯ (ಇದರಲ್ಲಿ ದೋಷವಿದ್ದರೆ ಈ ಕ್ಯಾನ್ಸರ್‌ಗಳ ಅಪಾಯ ಮನೆತನದಲ್ಲಿ ಹರಿದುಬರುತ್ತದೆ) ರಕ್ತಪರೀಕ್ಷೆ ಬೇಕೇ ಎಂದು ಕ್ಯಾನ್ಸರ್ ತಜ್ಞರನ್ನು ಕೇಳಿ. ಬೆಂಗಳೂರಿನ ಕಿದ್ವಾಯಿಯಂಥ ಕಡೆ ತೋರಿಸಬಹುದು. ಮೂರನೆಯ ಸಲ ಶುರುವಾಗುವ ಮೊದಲೇ ಸ್ತನ ಪರೀಕ್ಷೆ ಮಾಡಿಸಿಕೊಳ್ಳಿ. ಸ್ಕ್ಯಾನಿಂಗೋ ಮ್ಯಾಮೊಗ್ರಾಮೋ ಡಾಕ್ಟರು ಹೇಳುತ್ತಾರೆ. ಇಂಜೆಕ್ಷನ್ ದಿನಗಳಲ್ಲಿ ಎದೆ ಭಾರವಾಗಿ ನೋಯುವುದು ಸಹಜ. ಆದರೆ ಗಂಟು ಕೈಗೆ ಸಿಕ್ಕರೆ ‘ಹಾರ್ಮೋನಿನದೇ ಇರಬೇಕು’ ಎಂದು ಯಾರು ಹೇಳಿದರೂ ಸುಮ್ಮನಾಗಬೇಡಿ, ಆ ವಾರವೇ ತೋರಿಸಿ.