ಮುಟ್ಟಿದರೆ ಜುಮ್ಮೆನ್ನುವ ಕ್ಯಾಬಿನೆಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿಡಿಭಾಗ ತಂದು ನಾನೇ ಕಂಪ್ಯೂಟರ್ ಜೋಡಿಸಿದ್ದೇನೆ. ಕೆಲಸವೇನೋ ಚೆನ್ನಾಗಿಯೇ ಮಾಡುತ್ತದೆ. ಆದರೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್‌ನ ಹಿಂಬದಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಪೂರೈಸುವ ಲೋಹದ ಪೆಟ್ಟಿಗೆ) ಬದಲಾಯಿಸಬೇಕೇ?

ಉತ್ತರ: ಅವಸರ ಬೇಡ. ಹೊಸದು ಹಾಕಿದರೂ ಬಹುತೇಕ ಇದೇ ಕಥೆ. ಎಸ್‌ಎಂಪಿಎಸ್‌ಗೆ ಕರೆಂಟ್ ಬಂದು ಸೇರುವ ಜಾಗದಲ್ಲೇ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸ್‌ನಿಂದ ಲೋಹದ ಪೆಟ್ಟಿಗೆಗೆ ಒಂದು, ನ್ಯೂಟ್ರಲ್‌ನಿಂದ ಪೆಟ್ಟಿಗೆಗೆ ಒಂದು ‘ವೈ’ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಬಿಡಿಭಾಗ) ಕೂಡಿಸಿರುತ್ತಾರೆ, ಸಾಮಾನ್ಯವಾಗಿ 2.2ರಿಂದ 4.7 ನ್ಯಾನೊಫ್ಯಾರಡ್. ಎಸ್‌ಎಂಪಿಎಸ್ ಎಬ್ಬಿಸುವ ವಿದ್ಯುತ್ ಗದ್ದಲವನ್ನು ಅರ್ತ್‌ಗೆ ಇಳಿಸುವುದು ಅವುಗಳ ಕೆಲಸ. ಅರ್ತ್ ಸಿಗದಿದ್ದರೆ ಪೆಟ್ಟಿಗೆ, ಅದಕ್ಕೆ ತಗುಲಿದ ಕ್ಯಾಬಿನೆಟ್ ಕೂಡ, ಎರಡು ಕೆಪಾಸಿಟರ್‌ಗಳ ನಡುವೆ ತೂಗಾಡುತ್ತದೆ: 230 ವೋಲ್ಟ್ ಲೈನಿನಲ್ಲಿ ಸುಮಾರು 115 ವೋಲ್ಟ್. 50 ಹರ್ಟ್ಸ್‌ನಲ್ಲಿ 4.7 ನ್ಯಾನೊಫ್ಯಾರಡ್ ಜೋಡಿಯಿಂದ ನಿಮ್ಮ ಮೈಯೊಳಗೆ ಹರಿಯುವುದು ಒಂದು ಮಿಲಿಆಂಪಿಯರ್‌ನ ಮೂರನೇ ಒಂದು ಭಾಗದಷ್ಟು. ಕೊಲ್ಲುವಷ್ಟಲ್ಲ, ಜುಮ್ಮೆನ್ನಿಸುವಷ್ಟು. ಭಯಪಡಬೇಕಾದದ್ದು ಬೇರೆ ಕಾರಣಕ್ಕೆ: ನಾಳೆ ನಿಜವಾಗಿಯೇ ಫೇಸ್ ಪೆಟ್ಟಿಗೆಗೆ ತಗುಲಿದರೆ ಅದನ್ನು ಎಳೆದೊಯ್ಯುವ ತಂತಿ ನಿಮ್ಮಲ್ಲಿಲ್ಲ.

ಹಾಗಾಗಿ ಅರ್ತ್ ಎಲ್ಲಿ ಕಡಿದಿದೆ ಎಂದು ಹುಡುಕಿ. ಗೋಡೆಯಿಂದ ಶುರು ಮಾಡಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಪ್ರೋಬ್‌ಗಳ (ಅಳೆಯುವ ಕಡ್ಡಿಗಳ) ಲೋಹಕ್ಕೆ ಬೆರಳು ತಾಗದಂತೆ ಹಿಡಿದು ಸಾಕೆಟ್ ಅಳೆಯಿರಿ. ಫೇಸ್–ನ್ಯೂಟ್ರಲ್ 230ರ ಆಸುಪಾಸು, ಫೇಸ್–ಅರ್ತ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ತ್ ಒಂದೆರಡು ವೋಲ್ಟ್ ಬರಬೇಕು. ಫೇಸ್–ಅರ್ತ್ 40, 90 ಎಂದು ಅತ್ತಿತ್ತ ಓಡಾಡಿದರೆ ಅರ್ತ್ ಎಲ್ಲಿಗೂ ಸೇರಿಲ್ಲ. ಅದು ಎಲೆಕ್ಟ್ರಿಷಿಯನ್ ಕೆಲಸ.

ಸಾಕೆಟ್ ಸರಿಯಿದ್ದರೆ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಕೇಬಲ್ಲಿನ ಇನ್ನೊಂದು ತುದಿ ಎಸ್‌ಎಂಪಿಎಸ್‌ನಲ್ಲೇ ಇರಲಿ. ಮೀಟರ್ ಓಮ್‌ಗೆ. ಪ್ಲಗ್ಗಿನ ಅರ್ತ್ ಪಿನ್ನಿನಿಂದ ಎಸ್‌ಎಂಪಿಎಸ್ ಸ್ಕ್ರೂ ತಲೆಗೆ 1 ಓಮ್‌ಗಿಂತ ಕಡಿಮೆ ಇರಬೇಕು. ಇಲ್ಲವೇ? ಕೇಬಲ್ ಬದಲಿಸಿ ಇನ್ನೊಮ್ಮೆ ನೋಡಿ. ಅಲ್ಲಿ ಸರಿಯಿದ್ದು ಕ್ಯಾಬಿನೆಟ್ಟಿಗೆ ಮಾತ್ರ ಸಂಪರ್ಕ ಸಿಗದಿದ್ದರೆ ತಪ್ಪು ಪೇಂಟಿನದು. ಎಸ್‌ಎಂಪಿಎಸ್ ಕೂರಿಸುವ ನಾಲ್ಕು ಸ್ಕ್ರೂಗಳಲ್ಲಿ ಒಂದರ ಸುತ್ತ ಬಣ್ಣ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ. ಇನ್ನು, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಮಲ್ಟಿಪ್ಲಗ್ಗಿಗೆ ಸಿಕ್ಕಿಸಿದ್ದರೆ ಮೇಲಿನ ಯಾವುದೂ ಬೇಡ, ಮೊದಲು ಅದನ್ನು ಕಿತ್ತೆಸೆಯಿರಿ.

ಎಸ್‌ಎಂಪಿಎಸ್ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೀರಿ ಉಳಿದಿರಬಹುದು.

ಪ್ರಶ್ನೆ: ಸಾಕೆಟ್‌ನಲ್ಲಿ ಅರ್ತ್ ಇಲ್ಲ. ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿದರೆ ಶಾಕ್ ನಿಲ್ಲುತ್ತದೆ ಎನ್ನುತ್ತಾರೆ. ಹೌದೇ?

ಉತ್ತರ: ಶಾಕ್ ನಿಲ್ಲುತ್ತದೆ, ಹೌದು. ಆದರೂ ಹಾಕಬೇಡಿ. ಸಾಕೆಟ್ಟಿಗೆ ಬರುವ ದಾರಿಯಲ್ಲಿ ಎಲ್ಲೋ ನ್ಯೂಟ್ರಲ್ ಕಡಿದ ಕ್ಷಣ, ಆನ್ ಆಗಿರುವ ಉಪಕರಣದ ಮೂಲಕ ಹಾದು ಬಂದ ಕರೆಂಟ್ ಆ ತುಂಡು ತಂತಿಯಿಂದಲೇ ಕ್ಯಾಬಿನೆಟ್ಟಿಗೆ ಬರುತ್ತದೆ. ಆಗ 115 ಅಲ್ಲ, ಪೂರ್ತಿ 230; ತಡೆಯಲು ಪುಟ್ಟ ಕೆಪಾಸಿಟರ್ ಕೂಡ ನಡುವೆ ಇಲ್ಲ. ಯಾರಾದರೂ ಫೇಸ್–ನ್ಯೂಟ್ರಲ್ ಅದಲುಬದಲು ಮಾಡಿದರೂ ಅಷ್ಟೇ. ಇಂಥ ಸಾಕೆಟ್ಟಿಗೆ ಮೂರು ದೀಪದ ಪರೀಕ್ಷಕ ಸಿಕ್ಕಿಸಿದರೆ ಅದೂ ‘ಎಲ್ಲ ಸರಿ’ ಎಂದೇ ತೋರಿಸುತ್ತದೆ, ನಂಬಬೇಡಿ. ನೀರಿನ ಪೈಪಿಗೆ ಅರ್ತ್ ಕಟ್ಟುವುದೂ ಬೇಡ: ನಡುವೆ ಒಂದು ಪ್ಲಾಸ್ಟಿಕ್ ತುಂಡಿದ್ದರೆ ಶಾಕ್ ನಲ್ಲಿಗೆ ವರ್ಗವಾಗುತ್ತದೆ. ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ಪ್ರತ್ಯೇಕ ಅರ್ತ್ ತಂತಿ ಎಳೆಸುವುದೊಂದೇ ದಾರಿ.

ಪ್ರಶ್ನೆ: ಕಂಪ್ಯೂಟರಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸುವಾಗ ಸಣ್ಣ ಕಿಡಿ ಹಾರುತ್ತದೆ.

ಉತ್ತರ: ಎರಡು ಪೆಟ್ಟಿಗೆಗಳ ವೋಲ್ಟೇಜ್ ಬೇರೆ ಬೇರೆ ಇದೆ ಎಂದರ್ಥ. ಪೋರ್ಟ್ ಸುಟ್ಟುಹೋಗುವುದು ಹೀಗೆಯೇ. ಎರಡರ ಪ್ಲಗ್ಗನ್ನೂ ತೆಗೆದು, ಟಿವಿಯ ಆಂಟೆನಾ ಕೇಬಲನ್ನೂ ಬಿಡಿಸಿ, ಎಚ್‌ಡಿಎಂಐ ಸಿಕ್ಕಿಸಿದ ಮೇಲೆ ಕರೆಂಟ್ ಕೊಡಿ. ಎರಡೂ ಒಂದೇ ಅರ್ತ್ ಇರುವ ಸ್ಟ್ರಿಪ್ಪಿನಲ್ಲಿರಲಿ.

ಪ್ರಶ್ನೆ: ಒಣಹವೆಯಲ್ಲಿ ಮಾತ್ರ, ಕುರ್ಚಿಯಿಂದ ಎದ್ದು ಮುಟ್ಟಿದಾಗ ಒಮ್ಮೆ ಚಟ್ಟನೆ ಹೊಡೆಯುತ್ತದೆ. ಕೆಲವೊಮ್ಮೆ ಮಾನಿಟರ್ ಕಪ್ಪಾಗಿ ಮರಳುತ್ತದೆ.

ಉತ್ತರ: ಇದು ಲೈನಿನ ಕರೆಂಟ್ ಅಲ್ಲ, ಬಟ್ಟೆ–ಕುರ್ಚಿಯ ತಿಕ್ಕಾಟದಿಂದ ನಿಮ್ಮ ಮೈಯಲ್ಲೇ ಕೂಡಿದ ಸ್ಥಾಯೀ ವಿದ್ಯುತ್ (ಸ್ಟ್ಯಾಟಿಕ್). ಒಮ್ಮೆ ಹೊಡೆದು ಸುಮ್ಮನಾದರೆ ಸ್ಟ್ಯಾಟಿಕ್. ಕೈ ಇಟ್ಟಷ್ಟು ಹೊತ್ತೂ ಜುಮ್ಮೆಂದರೆ ಅರ್ತಿಂಗ್ ದೋಷ. ಎತ್ತರ ಹೊಂದಿಸುವ ಗ್ಯಾಸ್ ಲಿಫ್ಟ್ ಕುರ್ಚಿಯಿಂದ ಏಳುವಾಗಿನ ಸಿಡಿತ ವಿಡಿಯೊ ಕೇಬಲ್ಲಿಗೆ ಹೊಕ್ಕು ಪರದೆ ಕಪ್ಪಾಗುವುದುಂಟು; ಕೇಬಲ್ ಗಿಡ್ಡದು, ಒಳ್ಳೆಯ ಶೀಲ್ಡ್ ಇರುವುದು ಹಾಕಿ ನೋಡಿ. ರ‍್ಯಾಮ್ ಮುಟ್ಟುವ ಮುನ್ನ ಮಣಿಕಟ್ಟಿನ ಆಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿ. ಅದರಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರಲೇಬೇಕು. ಬರೀ ತಂತಿ ಕಟ್ಟಿಕೊಂಡರೆ ಮೈಯನ್ನೇ ಅರ್ತ್‌ಗೆ ಬಿಗಿದಂತೆ.

ಪ್ರಶ್ನೆ: ಪ್ಲೈವುಡ್ ಪೆಟ್ಟಿಗೆಯಲ್ಲಿ ಕಂಪ್ಯೂಟರ್ ಕಟ್ಟುತ್ತಿದ್ದೇನೆ. ಅರ್ತ್ ಹೇಗೆ?

ಉತ್ತರ: ಮದರ್‌ಬೋರ್ಡಿಗೆ ಚಿಂತೆಯಿಲ್ಲ, 24 ಪಿನ್ ಕೇಬಲ್ಲಿನ ಕಪ್ಪು ತಂತಿಗಳು ಎಸ್‌ಎಂಪಿಎಸ್ ಒಳಗೆ ಅದರ ಲೋಹದ ಪೆಟ್ಟಿಗೆಗೆ ಸೇರಿರುತ್ತವೆ. ಕೈಗೆ ಸಿಗುವ ಬಿಡಿ ಲೋಹಗಳನ್ನು, ಅಂದರೆ ಡ್ರೈವ್ ಚೌಕಟ್ಟು, ಸ್ವಿಚ್ ಫಲಕ ಇತ್ಯಾದಿಗಳನ್ನು, 1.5 ಚದರ ಮಿ.ಮೀ. ಹಸಿರು–ಹಳದಿ ತಂತಿಯಿಂದ, ತುದಿಗೆ ರಿಂಗ್ ಲಗ್ ಒತ್ತಿ, ಎಸ್‌ಎಂಪಿಎಸ್‌ನ ಹೊರಸ್ಕ್ರೂಗೆ ಸೇರಿಸಿ. ಅಲ್ಲಿನ ಸ್ಕ್ರೂ ಮರೆ (ಥ್ರೆಡ್) 6-32 ಅಳತೆಯದು. ಎಂ3 ಸ್ಕ್ರೂ ಸಡಿಲವಾಗಿ ಕೂತು ಸಂಪರ್ಕ ಕೈಕೊಡುತ್ತದೆ.