ಕಾರಿಲ್ಲದೆ, ಗಡಿಬಿಡಿ ಇಲ್ಲದೆ ತುಮಕೂರಿನಲ್ಲಿ ಇಬ್ಬರೇ ಎರಡು ರಾತ್ರಿ: ಆಷಾಢದಲ್ಲಿ ಬನ್ನಿ

ನೀವು ಕೇಳಿದ್ದು ಇಷ್ಟು: ಮದುವೆಯಾಗಿ ಮೂರು ವರ್ಷ, ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ, ಕಾರಿಲ್ಲ, ನಂದಿ ಬೆಟ್ಟದ ನೂಕುನುಗ್ಗಲು ಬೇಡ. ತುಮಕೂರಿನಲ್ಲಿ ಎರಡು ದಿನ ಇಬ್ಬರೇ ಆರಾಮಾಗಿ ಇದ್ದು ಬರಬಹುದಾ, ಯಾವಾಗ ಹೋಗೋದು ಒಳ್ಳೇದು? ಜೊತೆಗೆ ನೋಡಬೇಕಾದ ಒಂಬತ್ತು ಜಾಗಗಳ ಪಟ್ಟಿಯನ್ನೂ ಹಾಕಿದ್ದೀರಿ.

ಬರಬಹುದು. ಮೊದಲು ಆ ಪಟ್ಟಿಯಿಂದ ಆರನ್ನು ಹೊಡೆದುಹಾಕಿ. ಮಧುಗಿರಿ ಬೇಡ: ತುಮಕೂರಿನಿಂದ ನಲವತ್ತು ಕಿಲೋಮೀಟರ್‌ಗೂ ಹೆಚ್ಚು, ಹತ್ತೋದು ಏಕಶಿಲಾ ಬೆಟ್ಟ, ಇಳಿದ ಮೇಲೆ ಆ ದಿನ ಕಾಲು ನಿಮ್ಮ ಮಾತು ಕೇಳೋದಿಲ್ಲ. ಶಿವಗಂಗೆ, ಸಿದ್ದರಬೆಟ್ಟಗಳದ್ದೂ ಅದೇ ಕಥೆ. ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಇದ್ದರೆ ಮನೆಯವರ ಜೊತೆ ಬೇರೆ ದಿನ ಹೋಗಿ ಬನ್ನಿ. ಗುಬ್ಬಿ, ತಿಪಟೂರು ದಾರಿಯಲ್ಲಿ ಸಿಗೋದಿಲ್ಲ, ಎರಡೂ ತುಮಕೂರಿನಿಂದ ಆಚೆಗೆ. ಉಳಿಯೋದು ದೇವರಾಯನದುರ್ಗದ ಬೆಟ್ಟ, ಕೈದಾಳದ ಗುಡಿ, ಸಿದ್ಧಗಂಗೆಯ ಮಠ. ಬೆಳಿಗ್ಗೆ, ಸಂಜೆ ಮಾತ್ರ ಹೊರಗೆ, ಮಧ್ಯಾಹ್ನ ಪೂರ್ತಿ ಖಾಲಿ. ಇಂಥ ಪ್ರವಾಸ ಕೆಡೋದೇ ಖಾಲಿ ಮಧ್ಯಾಹ್ನ ಕಂಡ ಕೂಡಲೇ "ಇಲ್ಲೇ ಹತ್ತಿರ ಅಂತೆ, ನೋಡಿಕೊಂಡು ಬಂದುಬಿಡೋಣ" ಅನ್ನುವ ಮಾತಿನಿಂದ.

ಯಾವಾಗ ಅನ್ನೋದಕ್ಕೆ ನನ್ನ ಉತ್ತರ ಆಷಾಢ. ಸಾಮಾನ್ಯವಾಗಿ ಜೂನ್ ಕೊನೆಯಿಂದ ಜುಲೈ; ಅಧಿಕ ಮಾಸ ಬಿದ್ದ ವರ್ಷ ಇನ್ನೂ ಮುಂದಕ್ಕೆ ಹೋಗುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ. ತುಮಕೂರಿನ ಲಾಡ್ಜು, ಹೋಟೆಲ್‌ಗಳು ತುಂಬೋದು ಪ್ರವಾಸಿಗರಿಂದಲ್ಲ, ಮದುವೆಗೆ ಬಂದವರಿಂದ. ಮಾಘ, ಫಾಲ್ಗುಣ, ವೈಶಾಖದಲ್ಲಿ ಒಳ್ಳೆ ಲಗ್ನ ಇರುವ ದಿನ ರೂಮು ಸಿಗೋದೇ ಕಷ್ಟ, ಸಿಕ್ಕರೂ ರಾತ್ರಿ ಹನ್ನೊಂದರವರೆಗೆ ಪಕ್ಕದ ಕಲ್ಯಾಣ ಮಂಟಪದ ಆರತಕ್ಷತೆಯ ಆರ್ಕೆಸ್ಟ್ರಾ, ಬೆಳಗಿನ ಜಾವ ಓಲಗ. ಕಾರಿಡಾರ್ ತುಂಬ ಇಸ್ತ್ರಿ ಪೆಟ್ಟಿಗೆ ಹುಡುಕಿಕೊಂಡು ಓಡಾಡುವ ಸೋದರಮಾವಂದಿರು. ಆಷಾಢದಲ್ಲಿ ಇದ್ಯಾವುದೂ ಇಲ್ಲ. ರೂಮು ಖಾಲಿ, ದರ ಮಾತಾಡಬಹುದು, ಹೂವಿನ ಬೆಲೆ ಕೂಡ ಇಳಿದಿರುತ್ತದೆ. ಹೊಸದಾಗಿ ಮದುವೆಯಾದವರನ್ನು ಆಷಾಢದಲ್ಲಿ ಬೇರೆ ಬೇರೆ ಇಡುವ ಪದ್ಧತಿ ನಮ್ಮ ಕಡೆ ಈಗಲೂ ಇದೆ. ನಿಮಗೆ ಮೂರು ವರ್ಷ ಆಗಿದೆಯಲ್ಲ, ಅತ್ತೆಮನೆಯಿಂದ ಫೋನ್ ಬರೋದಿಲ್ಲ.

ಮಳೆ ಬರುತ್ತಲ್ಲ ಅಂತೀರಿ. ತುಮಕೂರಿಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಷಾಢದಲ್ಲಿ ಹೆಚ್ಚಾಗಿ ಮೋಡ, ಗಾಳಿ, ನಡುವೆ ಒಂದಿಷ್ಟು ತುಂತುರು. ಬೆಟ್ಟದ ಮೇಲೆ ಗಾಳಿಗೆ ಕೊಡೆ ತಿರುಗಿಕೊಳ್ಳುತ್ತದೆ, ಆದ್ದರಿಂದ ಟೋಪಿ ಇರುವ ಜಾಕೆಟ್ ತನ್ನಿ. ಸೀರೆ ಉಡುವ ಆಸೆ ಇದ್ದರೆ ಕೈದಾಳದ ದಿನಕ್ಕೆ ಇಟ್ಟುಕೊಳ್ಳಿ, ದುರ್ಗದ ಗಾಳಿಗೆ ಸೆರಗು ಹಿಡಿಯುವುದೇ ಒಂದು ಕೆಲಸವಾಗುತ್ತದೆ. ಶ್ರಾವಣ ಹುಟ್ಟಿದ ಮೇಲೆ ಬರುವುದಾದರೆ ಶನಿವಾರ ಬಿಡಿ; ಶ್ರಾವಣ ಶನಿವಾರ ದೇವರಾಯನದುರ್ಗದ ನರಸಿಂಹನ ಬೆಟ್ಟ ಜನಜಂಗುಳಿ. ಶಿವರಾತ್ರಿ ಸುತ್ತಮುತ್ತ ಸಿದ್ಧಗಂಗೆಯ ಜಾತ್ರೆ, ದನಗಳ ಪರಿಷೆ. ನೋಡಲು ಚೆನ್ನ, ಆದರೆ ಅದು ಇಬ್ಬರೇ ಇರುವ ಪ್ರವಾಸ ಅಲ್ಲ.

ವಾರದ ದಿನಗಳಲ್ಲಿ ಭಾನುವಾರ ಮಧ್ಯಾಹ್ನದಿಂದ ಮಂಗಳವಾರ ಮಧ್ಯಾಹ್ನದವರೆಗೆ ಇಟ್ಟುಕೊಳ್ಳಿ, ಎರಡು ದಿನ ರಜೆ ಹಾಕಿದರೆ ಸಾಕು. ಶುಕ್ರವಾರ ಸಂಜೆ ಹೊರಡುವ ತಪ್ಪು ಮಾತ್ರ ಮಾಡಬೇಡಿ. ತುಮಕೂರಿನಿಂದ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಪಾಸಿನವರು ಸಾವಿರಾರು. ಸಂಜೆಯ ಗಾಡಿಗಳಲ್ಲಿ ನಿಲ್ಲಲೂ ಜಾಗ ಇರೋದಿಲ್ಲ, ಕೂತ ಸೀಟಿಗೂ ಒಂದು ಗುಂಪು ಇಸ್ಪೀಟಿನ ಸಮೇತ ಹಕ್ಕುದಾರರಾಗಿರುತ್ತಾರೆ. ರಸ್ತೆಯಲ್ಲಿ ಹೋದರೆ ಪೀಣ್ಯದಿಂದ ನೆಲಮಂಗಲದವರೆಗೆ ತೆವಳಬೇಕು. ಭಾನುವಾರ ಹನ್ನೊಂದರ ಆಸುಪಾಸು ಮೆಜೆಸ್ಟಿಕ್ ಅಥವಾ ಯಶವಂತಪುರದಲ್ಲಿ ರೈಲು ಹತ್ತಿ. ವೇಗದ ಗಾಡಿ ಯಶವಂತಪುರದಿಂದ ಸುಮಾರು ಒಂದು ಗಂಟೆ, ಪ್ಯಾಸೆಂಜರ್‌ಗೆ ಇನ್ನಷ್ಟು ಹೊತ್ತು. ಸಾಮಾನ್ಯ ಟಿಕೆಟ್ ಸಾಕು, ಮೊಬೈಲಿನಲ್ಲೇ ತೆಗೆಯಬಹುದು, ಆದರೆ ಸ್ಟೇಷನ್ ಒಳಗೆ ಕಾಲಿಡುವ ಮುಂಚೆಯೇ ತೆಗೆಯಿರಿ.

ಇಡೀ ಖರ್ಚಿನಲ್ಲಿ ಅರ್ಧ ರೂಮಿಗೇ ಹೋಗಲಿ, ಯಾಕೆಂದರೆ ಮಧ್ಯಾಹ್ನಗಳೆಲ್ಲ ಅಲ್ಲೇ ಕಳೆಯೋದು. ಬುಕ್ ಮಾಡುವ ಮುನ್ನ ನೇರ ಹೋಟೆಲಿಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಒಂದು, ಕಿಟಕಿ ಯಾವ ಕಡೆ? ಬಿ.ಎಚ್. ರಸ್ತೆ ಕಡೆಗಿದ್ದರೆ ರಾತ್ರಿಯೆಲ್ಲ ಹಾರ್ನ್. ಹಿಂಬದಿಯ, ಮೇಲಿನ ಮಹಡಿಯ ರೂಮು ಕೇಳಿ. ಎರಡು, ಕಟ್ಟಡದಲ್ಲೇ ಪಾರ್ಟಿ ಹಾಲೋ ಬಾರೋ ಇದೆಯಾ? ಮೂರು, ಬಿಸಿನೀರು ಸೋಲಾರೋ ಗೀಸರೋ? ಎಲ್ಲರೂ ಮರೆಯುವ ಪ್ರಶ್ನೆ ಇದೇ: ಆಷಾಢದ ಮೋಡಕ್ಕೆ ಸೋಲಾರ್ ನೀರು ಉಗುರುಬೆಚ್ಚಗೂ ಇರೋದಿಲ್ಲ, ಚಳಿಯಲ್ಲಿ ಬಕೆಟ್ ಬಿಸಿನೀರಿಗೆ ರಿಸೆಪ್ಷನ್‌ಗೆ ಫೋನ್ ಮಾಡಿ ಕಾಯುವಲ್ಲಿ ಸರಸವೇನೂ ಇಲ್ಲ. ನಾಲ್ಕು, ಲೆಕ್ಕ 24 ಗಂಟೆಯದ್ದೋ, ಮಧ್ಯಾಹ್ನ 12ರದ್ದೋ? ನೀವು ಒಂದು ಗಂಟೆಗೆ ಬಂದರೆ 24 ಗಂಟೆಯ ಲೆಕ್ಕದಲ್ಲಿ ಮಂಗಳವಾರ ಒಂದರವರೆಗೂ ರೂಮು ನಿಮ್ಮದೇ. ಇಬ್ಬರ ಗುರುತಿನ ಚೀಟಿಯೂ ಬೇಕು. ಹೆಂಡತಿಯ ಆಧಾರ್‌ನಲ್ಲಿ ಇನ್ನೂ ತವರಿನ ವಿಳಾಸ, ಅಪ್ಪನ ಹೆಸರು ಇದ್ದು, ಆ ತವರು ತುಮಕೂರೇ ಆಗಿದ್ದರೆ ಕೆಲವು ಲಾಡ್ಜಿನವರು "ಲೋಕಲ್‌ನವರಿಗೆ ರೂಮಿಲ್ಲ" ಅಂದುಬಿಡುತ್ತಾರೆ. ಫೋನಿನಲ್ಲೇ ಕೇಳಿಟ್ಟುಕೊಂಡರೆ ಕೌಂಟರಿನಲ್ಲಿ ಮುಖ ಕೆಂಪಾಗುವುದು ತಪ್ಪುತ್ತದೆ.

ಭಾನುವಾರ ಊಟ ಮಾಡಿ ಮಲಗಿ. ಐದಕ್ಕೆ ಎದ್ದು ಅಮಾನಿಕೆರೆಯ ಏರಿಯ ಮೇಲೆ ನಡೆಯಿರಿ. ಆಷಾಢದ ಗಾಳಿಗೆ ಕೆರೆ ನೀರು ಒಂದೇ ಕಡೆ ಸಣ್ಣಗೆ ಮಡಿಕೆ ಮಡಿಕೆಯಾಗಿ ಓಡುತ್ತಿರುತ್ತದೆ. ಅಲ್ಲಿಗೆ ಹೋಗುವ ಮುಂಚೆ ಪೇಟೆಯಲ್ಲಿ ಮಲ್ಲಿಗೆ ಕೊಳ್ಳಿ. ಸಂಜೆ ಐದರ ಹೊತ್ತಿಗೆ ಮೊಗ್ಗು ಬಿರಿದಿರಬಾರದು, ತುದಿ ಮಾತ್ರ ಸ್ವಲ್ಪ ಸಡಿಲಾಗಿರಬೇಕು. ಆಗ ಎಂಟು ಗಂಟೆಗೆ ಅರಳಿ ಘಮ ಬರುತ್ತದೆ. ಆಗಲೇ ಅರಳಿದ್ದನ್ನು ಕೊಂಡರೆ ರಾತ್ರಿಗೆ ಕಂದು ಬಣ್ಣ. ಮೊಳದ ಅಳತೆ ಮಾರುವವರ ಕೈಯದ್ದು, ಅದರಲ್ಲಿ ಚೌಕಾಸಿ ಮಾಡಬೇಡಿ; ದಂಡೆ ಒತ್ತಾಗಿ ಕಟ್ಟಿದೆಯಾ ಅಂತ ಮಾತ್ರ ನೋಡಿ, ಸಡಿಲ ಕಟ್ಟಿದ್ದರೆ ಒಂದು ಮೊಳದಲ್ಲಿ ಮುಕ್ಕಾಲು ಮೊಳದ ಹೂವೇ ಇರೋದು. ಭಾನುವಾರ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಾಟಕ ಇದೆಯಾ ಅಂತಲೂ ವಿಚಾರಿಸಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಜಿಲ್ಲೆ ಇದು, ನಾಟಕದ ರುಚಿ ಊರಿಗೆ ಇನ್ನೂ ಇದೆ. ಸಿನಿಮಾಗಿಂತ ಒಳ್ಳೆಯದು, ಮುಗಿದ ಮೇಲೆ ರೂಮಿನವರೆಗೆ ಮಾತಾಡಿಕೊಂಡು ನಡೆದುಬರಲು ಒಂದು ವಿಷಯ ಸಿಗುತ್ತದೆ.

ಸೋಮವಾರ ದೇವರಾಯನದುರ್ಗ. ಊರಿನಿಂದ ಸುಮಾರು 15 ಕಿಲೋಮೀಟರ್, ಎತ್ತರ ಸುಮಾರು 1,200 ಮೀಟರ್. ಹಿಂದೆ ಕರಿಗಿರಿ ಅಂತಿದ್ದುದು, ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ದೇವರಾಯನದುರ್ಗ ಆಯಿತು. ಭಾನುವಾರ ಬೈಕಿನವರ ಸದ್ದು ಇರುವ ಕಡೆಯೇ ಸೋಮವಾರ ಹಕ್ಕಿ ಕೂಗು ಕೇಳುತ್ತದೆ. ಗಾಡಿಯನ್ನು ಹಿಂದಿನ ಸಂಜೆಯೇ ಗೊತ್ತು ಮಾಡಿ, ಮಾತಾಡುವಾಗ ಪೂರ್ತಿ ಬಿಡಿಸಿ ಹೇಳಿ: ಬೆಳಿಗ್ಗೆ ಏಳಕ್ಕೆ ಹೋಟೆಲಿನಿಂದ, ಮೇಲೆ ಎರಡೂವರೆ ಗಂಟೆ ವೇಟಿಂಗ್, ಬರುವಾಗ ನಾಮದ ಚಿಲುಮೆಯಲ್ಲಿ ಮುಕ್ಕಾಲು ಗಂಟೆ, ವಾಪಸ್ ಹೋಟೆಲಿಗೆ, ಎಲ್ಲ ಸೇರಿ ಎಷ್ಟು. "ದುರ್ಗಕ್ಕೆ ಎಷ್ಟಪ್ಪ" ಅಂತ ಮಾತ್ರ ಕೇಳಿದರೆ ಅವರು ಹೇಳೋದು ಹೋಗುವ ದರ, ವೇಟಿಂಗ್ ಜಗಳ ಆಮೇಲೆ. ಒಂದೇ ದಿಕ್ಕಿಗೆ ಹೋಗಿ ಇಳಿದರೆ ಇನ್ನೂ ಕಷ್ಟ, ಬೆಟ್ಟದ ಮೇಲೆ ಆ್ಯಪ್‌ನಲ್ಲಿ ಗಾಡಿ ಸಿಗುತ್ತದೆ ಅಂತ ನಂಬಬೇಡಿ. ಆಟೋಗಿಂತ ಕಾರು ವಾಸಿ. ಬೆಳಗಿನ ಗಾಳಿಗೆ ಆಟೋದಲ್ಲಿ ಕಿವಿ ನೋಯುತ್ತದೆ.

ತಿಂಡಿ ಊರಲ್ಲೇ ಮುಗಿಸಿ, ಎರಡು ಲೀಟರ್ ನೀರು ಬ್ಯಾಗಿನೊಳಗೆ ಇಡಿ. ಕೈಯಲ್ಲಿ ಕವರ್ ಹಿಡಿಯಲೇಬೇಡಿ. ಅಲ್ಲಿನ ಕೋತಿಗಳಿಗೆ ಕವರಿನ ಸರಸರ ಸದ್ದೇ ಊಟದ ಗಂಟೆ. ಒಳಗಿರೋದು ಹಣ್ಣೋ ಕರ್ಚೀಫೋ ಅವು ನೋಡೋದಿಲ್ಲ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಮೊದಲು ಮೇಲಿನದಕ್ಕೆ ಹೋಗಿ, ಕಾಲಲ್ಲಿ ಶಕ್ತಿ ಇರುವಾಗಲೇ. ಗಾಡಿ ನಿಲ್ಲುವ ಕಡೆಯಿಂದ ಮೆಟ್ಟಿಲುಗಳಿವೆ, ಅವಸರ ಇಲ್ಲದೆ ಹತ್ತಿ. ತುಂತುರು ಬಿದ್ದ ಬಂಡೆ ಮೇಲೆ ಪಾಚಿ ಕಟ್ಟಿರುತ್ತದೆ, ನೋಡಿಕೊಂಡು ಕಾಲಿಡಿ. ಫೋಟೋಕ್ಕಾಗಿ ಬಂಡೆಯ ಅಂಚಿಗೆ ಹೋಗಬೇಡಿ. ಅರ್ಚಕರು ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹೋದ ಕೂಡಲೇ ದರ್ಶನ ಮುಗಿಸಿದರೆ ಸರಿ. ಆಮೇಲೆ ಗಾಳಿಗೆ ಬೆನ್ನು ಕೊಟ್ಟು ಒಂದು ಗಂಟೆ ಕೂತುಬಿಡಿ, ಇಡೀ ಪ್ರವಾಸದ ತಿರುಳು ಆ ಒಂದು ಗಂಟೆ. ಬಂಡೆ ಸಂದಿನ ಪೊದೆಗಳಲ್ಲಿ ಹಳದಿ ತಲೆ, ಹಳದಿ ಕತ್ತಿನ ಒಂದು ಪಿಕಳಾರ ಕಂಡರೆ ಅದೃಷ್ಟ. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಮಾತ್ರ ಇರುವ ಹಕ್ಕಿ ಅದು, ಅದನ್ನೇ ಹುಡುಕಿಕೊಂಡು ಕ್ಯಾಮೆರಾ ಹೊತ್ತು ಇಲ್ಲಿಗೆ ಬರುವವರಿದ್ದಾರೆ. ಸುತ್ತ ಕಾಡು, ಚಿರತೆ ಕರಡಿ ಎರಡೂ ಇವೆ. ಸೂರ್ಯಾಸ್ತ ನೋಡುವ ಆಸೆ ಇಲ್ಲಿ ಬೇಡ.

ಇಳಿಯುವಾಗ ಸಿಗುವ ನಾಮದ ಚಿಲುಮೆಯಲ್ಲಿ ನೋಡಲು ಇರೋದು ಬಂಡೆಯಲ್ಲಿ ಒಂದು ಒರಳುಕುಳಿಯಷ್ಟು ಜಾಗ, ಅದರಲ್ಲಿ ಉಕ್ಕುವ ನೀರು. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟನಂತೆ. "ಇಷ್ಟೇನಾ" ಅಂತ ತಿರುಗುವವರೇ ಹೆಚ್ಚು. ಆದರೆ ಮರದ ನೆರಳು, ಜಿಂಕೆಗಳು ಇವೆ, ಮುಕ್ಕಾಲು ಗಂಟೆಗೆ ಏನೂ ಮೋಸವಿಲ್ಲ. ಹನ್ನೊಂದೂವರೆಗೆ ರೂಮು ಸೇರಿಬಿಡಿ.

ಅಂದಹಾಗೆ, ಗಂಡ ಹೆಂಡಿರ ಪ್ರವಾಸದ ಜಗಳಗಳಲ್ಲಿ ಮುಕ್ಕಾಲು ಪಾಲು ಹಸಿದ ಹೊಟ್ಟೆಯಲ್ಲಿ, ರಸ್ತೆ ಮೇಲೆ ನಿಂತು, "ಎಲ್ಲಿ ತಿನ್ನೋಣ?" "ನೀನೇ ಹೇಳು" ಅನ್ನುವಾಗ ಹುಟ್ಟುತ್ತವೆ. ಹೊರಡುವ ಮೊದಲೇ ಹಂಚಿಕೊಳ್ಳಿ: ಊಟ ಎಲ್ಲಿ ಅನ್ನೋದು ಒಬ್ಬರ ತೀರ್ಮಾನ, ಗಾಡಿ ಮತ್ತು ಹೊತ್ತು ಇನ್ನೊಬ್ಬರದ್ದು. ಒಬ್ಬರ ತೀರ್ಮಾನಕ್ಕೆ ಇನ್ನೊಬ್ಬರು ಗೂಗಲ್ ರೇಟಿಂಗ್ ತೆಗೆಯುವ ಹಾಗಿಲ್ಲ.

ಸೋಮವಾರ ಸಂಜೆ ನಾಲ್ಕೂವರೆಗೆ ಕೈದಾಳ. ಕುಣಿಗಲ್ ರಸ್ತೆಯ ಗೂಳೂರಿನ ಹತ್ತಿರ, ಆಟೋ ಸಾಕು. ಜಕಣಾಚಾರಿಯ ಕಥೆ ಗೊತ್ತಲ್ಲ: ಕಲ್ಲಿನೊಳಗೆ ಕಪ್ಪೆ ಇದೆ ಎಂದು ಮಗ ಡಂಕಣ ತೋರಿಸಿದ, ಅಪ್ಪ ತನ್ನ ಕೈಯನ್ನೇ ಕತ್ತರಿಸಿಕೊಂಡ, ಇಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಬಂತು ಅಂತ. ಬೇಲೂರು ನೋಡಿದ ಕಣ್ಣಿಗೆ ಗುಡಿ ಸಣ್ಣದು. ಬರಬೇಕಾದ್ದು ಕೇಶವನ ವಿಗ್ರಹಕ್ಕೆ. ಬಾಗಿಲು ಹಾಕಿದ್ದರೆ ಅಕ್ಕಪಕ್ಕದ ಮನೆಯವರನ್ನು ಕೇಳಿ, ಅರ್ಚಕರು ಎಲ್ಲಿದ್ದಾರೆ ಅಂತ ಹೇಳುತ್ತಾರೆ. ತಟ್ಟೆಗೆ ಕಾಸು ಹಾಕಿ, ಫೋಟೋ ತೆಗೆಯುವ ಮುಂಚೆ ಕೇಳಿ. ಕಾರ್ತಿಕದಲ್ಲಿ ಬರುವವರಿಗೆ ಗೂಳೂರಿನ ದೊಡ್ಡ ಮಣ್ಣಿನ ಗಣೇಶನೂ ಸಿಗುತ್ತಾನೆ, ಆಷಾಢದವರಿಗೆ ಇಲ್ಲ. ಗುಡಿಗಿಂತ ಕೆರೆ ಇಷ್ಟ ಅನ್ನುವವರು ಕೈದಾಳ ಬಿಟ್ಟು ಮಂದರಗಿರಿಗೆ ಹೋಗಬಹುದು. ಅದು ಜೈನರ ಬೆಟ್ಟ: ಬುಡದಲ್ಲಿ ಪಿಂಛಿಯ (ಜೈನ ಮುನಿಗಳು ಕೈಯಲ್ಲಿ ಹಿಡಿಯುವ ನವಿಲುಗರಿಯ ಕುಂಚ) ಆಕಾರದ ಗುರುಮಂದಿರ, ಮೇಲೆ ಬಸದಿಗಳು, ಪಕ್ಕದಲ್ಲೇ ಮೈದಾಳ ಕೆರೆ. ಆದರೆ ನಾನೂರಕ್ಕೂ ಹೆಚ್ಚು ಮೆಟ್ಟಿಲು, ಬೆಳಿಗ್ಗೆ ದುರ್ಗ ಹತ್ತಿದ ಕಾಲಿಗೆ ಅದು ಹೆಚ್ಚಾಗಬಹುದು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕ್ಯಾತ್ಸಂದ್ರ, ತಟ್ಟೆ ಇಡ್ಲಿಗೆ. ವಾರಾಂತ್ಯದಲ್ಲಿ ಹೆದ್ದಾರಿಯ ಕಾರುಗಳೆಲ್ಲ ಅಲ್ಲೇ ನಿಲ್ಲುತ್ತವೆ, ಮಂಗಳವಾರ ಕೂರಲು ಜಾಗ ಇರುತ್ತದೆ. ಒಬ್ಬರಿಗೆ ಒಂದೊಂದೇ ಹೇಳಿ, ಮುಗಿದ ಮೇಲೆ ಇನ್ನೊಂದು. ಎರಡೆರಡು ಒಟ್ಟಿಗೆ ತರಿಸಿದರೆ ಎರಡನೆಯದು ಆರಿ ಬಿರುಸಾಗುತ್ತದೆ. ಬೆಣ್ಣೆ ಕರಗಬೇಕಾದರೂ ಇಡ್ಲಿ ಹಬೆಯಾಡುತ್ತಿರಬೇಕು. ಅಲ್ಲಿಂದ ಸಿದ್ಧಗಂಗೆ ಹತ್ತಿರ. ಮಠದ ಅಂಗಳದಲ್ಲಿ ಸಾವಿರಾರು ಮಕ್ಕಳ ಊಟ, ಓದು ನಡೆಯುವ ಜಾಗ ಅದು. ಅರ್ಧ ಗಂಟೆ ಇದ್ದು ಬನ್ನಿ, ಕೈ ಕೈ ಹಿಡಿದು ಸೆಲ್ಫಿ ತೆಗೆಯುವ ಜಾಗ ಮಾತ್ರ ಅಲ್ಲ.

ವಾಪಸ್ ರೈಲು ಮಧ್ಯಾಹ್ನ ಮೂರರೊಳಗಿನದು ಹಿಡಿಯಿರಿ. ಹಲಸಿನ ಕಾಲ ಇನ್ನೂ ಮುಗಿದಿರೋದಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯ ಕೆಂಪು ತೊಳೆಯ ಹಣ್ಣು ಪೇಟೆಗೆ ಬಂದಿದ್ದರೆ ಬಿಡಿಸಿದ ತೊಳೆ ಕೊಳ್ಳಿ, ಇಡೀ ಹಣ್ಣು ಹೊತ್ತರೆ ಬೋಗಿಯವರೆಲ್ಲ ನಿಮ್ಮನ್ನೇ ನೋಡುತ್ತಾರೆ.

ಎರಡು ರಾತ್ರಿ ಸಿಗದೆ ಒಂದೇ ಸಿಕ್ಕಿತು ಅಂದರೆ ಕೈದಾಳ, ಸಿದ್ಧಗಂಗೆ ಎರಡನ್ನೂ ಬಿಟ್ಟು ಭಾನುವಾರ ಸಂಜೆಯ ಕೆರೆ ಏರಿ ಮತ್ತು ಸೋಮವಾರ ಬೆಳಗಿನ ದುರ್ಗ ಇಟ್ಟುಕೊಳ್ಳಿ. ರೂಮು ಮಾತ್ರ 24 ಗಂಟೆ ಲೆಕ್ಕದ್ದೇ ಹುಡುಕಿ, ಬೆಟ್ಟದಿಂದ ಇಳಿದು ಸ್ನಾನ ಮಾಡಿ ಹೊರಡಲು ಹೊತ್ತಿರುತ್ತದೆ.